ಪ್ರಥಮ ಪಿಯುಸಿಯಲ್ಲಿ ಗಣಿತ ಬಿಡಬಹುದೇ?

ಪ್ರಶ್ನೆ (ತಾಯಿ, ಹಾಸನ ಜಿಲ್ಲೆ)

ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 91 ಅಂಕ ಪಡೆದು, ಈ ವರ್ಷ ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದ್ದಾಳೆ. ಮೊದಲ ಕಿರುಪರೀಕ್ಷೆಯ ಗಣಿತದಲ್ಲಿ 25ಕ್ಕೆ 8 ಬಂದಿದೆ. ರಾತ್ರಿ ಹನ್ನೊಂದಾದರೂ ತ್ರಿಕೋನಮಿತಿಯ ಲೆಕ್ಕಗಳನ್ನೇ ಹಿಡಿದು ಕೂತಿರುತ್ತಾಳೆ, ಜೀವಶಾಸ್ತ್ರದ ಪುಸ್ತಕವನ್ನು ತೆರೆಯುವುದೇ ಇಲ್ಲ. ಅವಳ ಆಸೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್. ಅದರಲ್ಲಿ ಗಣಿತದ ಪತ್ರಿಕೆ ಇಲ್ಲ. ಗಣಿತದ ಬದಲು ಗೃಹವಿಜ್ಞಾನ ತೆಗೆದುಕೊಳ್ಳಲು ಕಾಲೇಜು ಈ ತಿಂಗಳ ಕೊನೆಯವರೆಗೆ ಅವಕಾಶ ಕೊಟ್ಟಿದೆ. ಬದಲಾಯಿಸುವುದೇ ಒಳ್ಳೆಯದೇ?

ಉತ್ತರ 1 (ಪಿಯು ಗಣಿತ ಉಪನ್ಯಾಸಕ)

ಮೇಡಂ, ನಿರ್ಧರಿಸುವ ಮೊದಲು ಒಂದು ಕೆಲಸ ಮಾಡಿ. ಅವಳಿಗೆ ತಪ್ಪಾದ ಲೆಕ್ಕವೊಂದನ್ನು ಕನ್ನಡದಲ್ಲಿ ಓದಿ ಹೇಳಿ, ಅವಳೇ ಬಿಡಿಸಲಿ. ಪ್ರತಿ ವರ್ಷ ನನ್ನ ತರಗತಿಯಲ್ಲಿ ಇಂಥ ಮಕ್ಕಳಿರುತ್ತಾರೆ: ‘ಉತ್ಪನ್ನ’ ಎಂದರೆ ಮುಖ ಅರಳುತ್ತದೆ, ಅದನ್ನೇ ಇಂಗ್ಲಿಷಿನಲ್ಲಿ ‘ಫಂಕ್ಷನ್’ ಎಂದರೆ, ‘ಡೊಮೈನ್’ನಂಥ ಪದಗಳು ಬಂದೊಡನೆ ಪೆನ್ನು ನಿಂತುಬಿಡುತ್ತದೆ. ಅಂಥವರಿಗೆ ತೊಡಕಾಗಿರುವುದು ಇಂಗ್ಲಿಷ್ ಭಾಷೆ, ಗಣಿತವಲ್ಲ. ಅದು ದೀಪಾವಳಿಯ ಹೊತ್ತಿಗೆ ಬಹಳಷ್ಟು ಸರಿಹೋಗುವುದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಕೇಳಿದಾಗಲೂ ಹೆಜ್ಜೆ ಹೊಳೆಯದಿದ್ದರೆ ಮಾತ್ರ ಬಿಡುವ ವಿಚಾರ ಮಾಡಿ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತದೆ, ಏಕೆಂದರೆ ಸಿಇಟಿಯ ಮೂಲಕ ಅಲ್ಲಿಗೆ ಹೋಗಲು ಭೌತಶಾಸ್ತ್ರ ಮತ್ತು ಗಣಿತ ಎರಡೂ ಕಡ್ಡಾಯ. ಹದಿನಾರರ ಹುಡುಗಿಯ ಆಸೆ ಎರಡು ವರ್ಷದಲ್ಲಿ ಬದಲಾಗಬಹುದು ಎಂಬುದನ್ನೂ ಗಮನದಲ್ಲಿಡಿ.

ಉತ್ತರ 2 (ಪಶುವೈದ್ಯಕೀಯ ವಿದ್ಯಾರ್ಥಿ)

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನಾನು ಗಣಿತ ಬಿಟ್ಟವನು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಉಳಿದ ಸಮಯವನ್ನು ಜೀವಶಾಸ್ತ್ರಕ್ಕೆ ಕೊಟ್ಟೆ, ನೆಮ್ಮದಿಯಾಗಿ ನಿದ್ದೆ ಮಾಡಿದೆ. ಪಶುವೈದ್ಯಕೀಯಕ್ಕೆ ಗಣಿತ ಬೇಕಿರಲಿಲ್ಲ. ಆದರೂ ಆಂಟಿ, ಒಂದು ಎಚ್ಚರಿಕೆ ಹೇಳಲೇಬೇಕು: ನೀಟ್‌ನ 180 ಪ್ರಶ್ನೆಗಳಲ್ಲಿ 45 ಭೌತಶಾಸ್ತ್ರದವು, ಅದು ಗಣಿತವನ್ನು ಬಿಡುವುದಿಲ್ಲ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಚಲನೆಯ ಪಾಠ ಬರುವಾಗಲೇ ವೇಗವನ್ನು ಅವಕಲನದಿಂದ (ಡಿಫರೆನ್ಸಿಯೇಷನ್) ಬರೆಯುತ್ತಾರೆ. ಗಣಿತದ ಪುಸ್ತಕದಲ್ಲಿ ಮಿತಿ ಮತ್ತು ಅವಕಲನ ಬರುವುದು ಕೊನೆಯ ಪಾಠಗಳಲ್ಲಿ. ಸದಿಶಗಳ (ವೆಕ್ಟರ್) ಕಥೆಯೂ ಅಷ್ಟೇ, ಗಣಿತದಲ್ಲಿ ಅವು ದ್ವಿತೀಯ ಪಿಯುಸಿಗೆ. ಗಣಿತ ಬಿಟ್ಟಿದ್ದರಿಂದ ನಾನು ಅವಕಲನ, ಸಮಾಕಲನಗಳನ್ನು (ಇಂಟಿಗ್ರೇಷನ್) ಸೋದರಮಾವನ ಬಳಿ ಒಂದು ಬೇಸಿಗೆಯಿಡೀ ಕಲಿತೆ. ಅವಳಿಗೂ ಅಷ್ಟು ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿ.

ಉತ್ತರ 3 (ತಂದೆ, ಶಿವಮೊಗ್ಗ)

ನೆರೆಹೊರೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ನಾನು ಮಗನಿಗೆ ಗಣಿತ ಬಿಡಲು ಒಪ್ಪಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ಅವನು ಗಣಿತದಲ್ಲಿ ಅನುತ್ತೀರ್ಣನಾಗಿ, ಎರಡನೆಯ ಪರೀಕ್ಷೆ ಬರೆದು ತೇರ್ಗಡೆಯಾದ. ಆ ಬೇಸಿಗೆ ಅವನು ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಿರ್ಧಾರವನ್ನು ಮಗಳೇ ಮಾಡಲಿ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ತಪ್ಪಾಗಿದ್ದ ಐದು ಲೆಕ್ಕಗಳನ್ನು ಕನ್ನಡದಲ್ಲಿ ಓದಿ ಹೇಳಿದೆ, ನಾಲ್ಕನ್ನು ಬಿಡಿಸಿದಳು. ಐದನೆಯದಕ್ಕೆ ‘ಅಮ್ಮ, ರೇಡಿಯನ್ ಅಂದರೇನು ಅಂತ ತರಗತಿಯಲ್ಲಿ ಕೇಳೋಕೆ ನಾಚಿಕೆ ಆಯ್ತು’ ಎಂದಳು. ಸೋಮವಾರ ಉಪನ್ಯಾಸಕರನ್ನು ನಾವಿಬ್ಬರೂ ಕಾಣುತ್ತೇವೆ. ಬದಲಾವಣೆಯ ಅರ್ಜಿಯನ್ನು ಅಲ್ಲಿಯವರೆಗೆ ಕೊಡುವುದಿಲ್ಲ.