ಕಾಕಾ, ಡಬ್ಬಿ ತುಂಬಿತೆಂದು ಮನೆ ಬದಲಿಸುತ್ತಾರೆಯೇ?

ಕಾಕಾ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಕಚೇರಿಯಲ್ಲಿ ಜನರ ಆದಾಯ ತೆರಿಗೆ ರಿಟರ್ನ್ಸ್ ಗಡಿಬಿಡಿ, ತಲೆ ಎತ್ತಲು ಆಗಲಿಲ್ಲ. ಈಗ ಕುಕ್ಕರ್ ಇಟ್ಟಿದ್ದೇನೆ, ಬೇಳೆ ಬೇಯುವವರೆಗೆ ಹೇಳಿಬಿಡುತ್ತೇನೆ. ನಡುವೆ ಸೀಟಿ ಕೇಳಿಸಿದರೆ ಬೇಸರಪಡಬೇಡಿ. ನಮ್ಮ ಮನೆಯವರ ಈ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವ ಉಳಿದವರೂ ಕೇಳಿ, ನಾಳೆ ಇದೇ ಪ್ರಶ್ನೆ ನಿಮ್ಮಿಂದಲೂ ಬರುತ್ತದೆ.

ಕಾಕಾ ಕೇಳಿದ್ದು ಇಷ್ಟು. ಅವರ ಜಿಮೇಲ್ ತುಂಬಿದೆಯಂತೆ. ಪತ್ರ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮ್ಮ ಕಲಬುರಗಿಯ ಅಪ್ಪನ ಕೆರೆಯ ವಾಕಿಂಗ್ ಗೆಳೆಯರು 'ನಮ್ಮ ದೇಶದ್ದು, ಜೋಹೊ ಮೇಲ್ ತೆಗೆದುಕೊಳ್ಳಿ' ಎನ್ನುತ್ತಿದ್ದಾರೆ. ಪುಣೆಯಲ್ಲಿರುವ ನನ್ನ ತಮ್ಮ 'ಪ್ರೋಟಾನ್ ಮೇಲ್ ಬಿಟ್ಟು ಬೇರೆ ಮಾತೇ ಇಲ್ಲ' ಎನ್ನುತ್ತಾನೆ. ಯಾರ ಮಾತು ಕೇಳಬೇಕು?

ಯಾರದೂ ಬೇಡ ಕಾಕಾ. ಇದ್ದಲ್ಲೇ ಇರಿ. ನಿಮ್ಮ ತೊಂದರೆ ಇಮೇಲ್‌ದು ಅಲ್ಲವೇ ಅಲ್ಲ, ಗುಲಾಬಿ ಹೂವಿನದು.

ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದು ಪತ್ರಗಳಿಗೆ ಮಾತ್ರ ಮೀಸಲಲ್ಲ. ಪತ್ರ, ಡ್ರೈವ್‌ನಲ್ಲಿಟ್ಟ ಕಾಗದ, ಗೂಗಲ್ ಫೋಟೋಸ್‌ಗೆ ತಾನಾಗಿಯೇ ಏರುವ ಚಿತ್ರಗಳು, ಎಲ್ಲಕ್ಕೂ ಅದೊಂದೇ ಕಣಜ. 2021ರ ಜೂನ್ 1ಕ್ಕೆ ಮೊದಲು, ಗಾತ್ರ ಕುಗ್ಗಿಸಿ ಇಟ್ಟ ಫೋಟೊಗಳನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಹಿಡಿಯತೊಡಗಿದರು. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದೇ ಕಣಜಕ್ಕೆ ಬೀಳುತ್ತದೆ. ಅಂದರೆ ದಿನಾ ಬೆಳಿಗ್ಗೆ ಆರಕ್ಕೆ ಈ ಗುಂಪಿಗೆ ಬರುವ ಶುಭೋದಯದ ಗುಲಾಬಿ, ದೀಪ, ಹಿಮಾಲಯದ ಸೂರ್ಯೋದಯ ಎಲ್ಲವೂ ನಿಮ್ಮ ಪಿಂಚಣಿ ಪತ್ರ ಕೂರಬೇಕಾದ ಸೀಟಿನಲ್ಲಿ ಕೂತಿವೆ. ಮೂವತ್ತು ವರ್ಷ ಡಿಪೋದಲ್ಲಿ ಲೆಕ್ಕ ಬರೆದವರು ನೀವು, ಟಿಕೆಟ್ ಇಲ್ಲದವರು ಸೀಟು ಹಿಡಿದರೆ ಏನು ಮಾಡಬೇಕೆಂದು ನಿಮಗೆ ನಾನು ಹೇಳಬೇಕೇ?

ಇಳಿಸುವುದು ಹೀಗೆ. ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್‌ನಲ್ಲಿ ವಿಡಿಯೊ ಸೇರಿಸುವ ಗುಂಡಿಯನ್ನು ಆಫ್ ಮಾಡಿ. ಆಮೇಲೆ ಜಿಮೇಲ್ ತೆರೆದು, ಮೇಲೆ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಲಾರ್ಜರ್' ಎಂದು ಬರೆಯಿರಿ. ಅದಕ್ಕೆ ಅಂಟಿಕೊಂಡಂತೆ ಒಂದರ ಮೇಲೊಂದು ಎರಡು ಚುಕ್ಕೆ, ಮುಂದೆ 10, ಮುಂದೆ ಎಂ ಅಕ್ಷರ. ನಡುವೆ ಎಲ್ಲಿಯೂ ಜಾಗ ಬಿಡಬೇಡಿ. ಹತ್ತು ಎಂಬಿಗಿಂತ ದೊಡ್ಡ ಪತ್ರಗಳಷ್ಟೇ ಎದುರಿಗೆ ಬಂದು ನಿಲ್ಲುತ್ತವೆ. ಬೇಡದ್ದನ್ನು ಅಳಿಸಿ, ಕೊನೆಗೆ ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಬುಟ್ಟಿಯಲ್ಲಿ 30 ದಿನ ಇರುತ್ತವೆ, ಅಲ್ಲಿಯವರೆಗೂ ಲೆಕ್ಕದಲ್ಲೇ ಇರುತ್ತವೆ. ಫೋಟೊಗಳಿಗೆ ಮಾತ್ರ ಕೈ ಹಚ್ಚಬೇಡಿ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಕಾಕುವಿನ ಅರವತ್ತರ ಸಮಾರಂಭದ ಫೋಟೊ ಹೋಯಿತೆಂದರೆ ನಿಮ್ಮನ್ನು ಉಳಿಸುವವರು ಯಾರೂ ಇಲ್ಲ. ಅದನ್ನು ಪೆನ್ ಡ್ರೈವ್‌ಗೆ ಇಳಿಸಿಕೊಂಡ ಮೇಲೆ ನೋಡೋಣ.

ಇನ್ನೊಂದು, ಮರೆಯುವ ಮೊದಲೇ ಹೇಳುತ್ತೇನೆ. 'ನಿಮ್ಮ ಮೇಲ್ ತುಂಬಿದೆ, ಇಲ್ಲಿ ಒತ್ತಿ' ಎಂದು ಮೋಸಗಾರರೂ ಪತ್ರ ಕಳುಹಿಸುತ್ತಾರೆ. ಅಂಥದ್ದನ್ನು ಒತ್ತಬೇಡಿ, ಆ್ಯಪ್ ಒಳಗೆ ಹೋಗಿ ನೀವೇ ನೋಡಿ. ತಪ್ಪಿ ಒತ್ತಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಈಗ ಜೋಹೊ. ಕೆಟ್ಟದ್ದು ಎನ್ನುವುದಿಲ್ಲ. ಚೆನ್ನೈನ ಕಂಪನಿ, ಜಾಹೀರಾತು ತೋರಿಸುವುದಿಲ್ಲ, ಕೇಂದ್ರ ಸರ್ಕಾರದ ನೌಕರರ ಇಮೇಲ್ ಕೂಡ ಅವರ ವ್ಯವಸ್ಥೆಗೆ ಹೋಗಿದೆ. ಹೊಸದಾಗಿ ವಿಳಾಸ ಮಾಡುವ ಮಕ್ಕಳಿಗೆ ನಾನೇ ಹೇಳುತ್ತೇನೆ, ನೋಡಿ ಎಂದು. ಆದರೆ ಉಚಿತ ಖಾತೆಗೆ 5 ಜಿಬಿ. ಹದಿನೈದು ಸಾಲದೆಂದು ಐದಕ್ಕೆ ಹೋಗುವವರು ನೀವೊಬ್ಬರೇ ಕಾಕಾ. ದೇಶಾಭಿಮಾನದ ಮಾತು ಬಂದಿದ್ದಕ್ಕೆ ನೆನಪಾಯಿತು. ಹಾಟ್‌ಮೇಲ್ ಎಂಬ ಇಮೇಲ್ ಸೇವೆ ಕಟ್ಟಿದ ಇಬ್ಬರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ. 1996ರಲ್ಲಿ ಶುರುವಾಯಿತು, ಮರುವರ್ಷವೇ ಮೈಕ್ರೋಸಾಫ್ಟ್ ಕೊಂಡಿತು, ಈಗ ಔಟ್‌ಲುಕ್ ಎಂಬ ಹೆಸರಿನಲ್ಲಿದೆ. ಊರು ನೋಡಿ ಡಬ್ಬಿ ಆರಿಸಿದರೆ, ಅದು ಯಾವಾಗ ಯಾರ ಕೈಗೆ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ.

ಪ್ರೋಟಾನ್ ಸ್ವಿಟ್ಜರ್ಲೆಂಡಿನದು. 2014ರಲ್ಲಿ, ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಪರಿಚಯವಾದ ವಿಜ್ಞಾನಿಗಳು ಆರಂಭಿಸಿದ್ದು. ಪತ್ರ ಅವರಲ್ಲಿ ಬೀಗ ಹಾಕಿಯೇ ಇರುತ್ತದೆ, ಕಂಪನಿಯವರೂ ಓದಲಾರರು. ತಮ್ಮ ಹೇಳುವುದು ಸರಿಯೇ. ಆದರೆ ಆ ಬೀಗದ ಕೀಲಿ ನಿಮ್ಮ ಪಾಸ್‌ವರ್ಡ್. ಅದನ್ನು ಮರೆತರೆ ಹೊಸದು ಇಡಬಹುದು, ಹಳೆಯ ಪತ್ರಗಳು ಮಾತ್ರ ಬೀಗದೊಳಗೇ ಉಳಿಯುತ್ತವೆ. ಅವರು ಕೊಡುವ ಪದಗಳ ಚೀಟಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ತೆರೆಯಬಹುದು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಮರೆತು ನನಗೆ ಫೋನ್ ಮಾಡುವವರು ಯಾರು ಎಂದು ಈ ಗುಂಪಿಗೆಲ್ಲ ಗೊತ್ತು. ಮೇಲಾಗಿ 2025ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪ್ರೋಟಾನ್ ಮೇಲ್ ನಿರ್ಬಂಧಿಸಲು ಕ್ರಮ ಕೈಗೊಳ್ಳಿ ಎಂದು ಕೇಂದ್ರಕ್ಕೆ ಆದೇಶಿಸಿತ್ತು. ಪಿಂಚಣಿ ಪತ್ರ ಬರುವ ವಿಳಾಸವನ್ನು ಅಂಥ ತಕರಾರಿನ ಜಾಗದಲ್ಲಿ ಏಕೆ ಇಡಬೇಕು? ತಮ್ಮಾ, ನಿನಗೆ ಬೇಕಿದ್ದರೆ ನೀನು ಇಟ್ಟುಕೋ. ಕಾಕಾನನ್ನು ಎಳೆಯಬೇಡ.

ಸೀಟಿ ಒಂದಾಯಿತು.

ಈಗ ನನಗೆ ನಿಜವಾಗಿ ಚಿಂತೆಯಾಗಿರುವ ವಿಷಯ. ಡಬ್ಬಿ ಯಾವುದೇ ಇರಲಿ, ಕೀಲಿ ಯಾರ ಜೇಬಿನಲ್ಲಿದೆ? ನಾನು ಸಿಇಟಿ ಬರೆದ ವರ್ಷ, ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ್ದೆ. ಇಮೇಲ್ ಬೇಕು ಎಂದಾಗ ಅಲ್ಲಿದ್ದ ಹುಡುಗ ಎರಡು ನಿಮಿಷದಲ್ಲಿ ಮಾಡಿಕೊಟ್ಟ. ಹೆಸರು ನನ್ನದು, ಫೋನ್ ನಂಬರ್ ಅವನದು, ಪಾಸ್‌ವರ್ಡ್ ಅವನ ಅಂಗಡಿಯ ಹೆಸರು. ಇಪ್ಪತ್ತು ರೂಪಾಯಿ ಕೊಟ್ಟು ಖುಷಿಯಿಂದ ಬಂದೆ. ವರ್ಷ ಕಳೆದು ಹೋದರೆ ಅಲ್ಲಿ ಜ್ಯೂಸ್ ಅಂಗಡಿ ಇತ್ತು. ಒಟಿಪಿ ಯಾರದೋ ಫೋನಿಗೆ ಹೋಗುತ್ತಿತ್ತು. ಆ ವಿಳಾಸವನ್ನು ನಾನು ಮತ್ತೆ ತೆರೆಯಲೇ ಇಲ್ಲ. ಈಗ ಕಚೇರಿಗೆ ಬರುವವರಲ್ಲೂ ಇದೇ ಕಥೆ ನೋಡುತ್ತೇನೆ. ಜೇವರ್ಗಿಯಿಂದ, ಆಳಂದದಿಂದ ಬರುತ್ತಾರೆ, ಪಾನ್ ಕಾರ್ಡಿಗೆ ಜೋಡಿಸಿದ ಇಮೇಲ್ ಯಾವುದೆಂದರೆ ಮುಖ ಮುಖ ನೋಡುತ್ತಾರೆ.

ನಿಮ್ಮದು ಇನ್ನೂ ಸ್ವಾರಸ್ಯವಾಗಿದೆ. ಪಾಸ್‌ವರ್ಡ್ ದಾಲ್ ಮಿಲ್‌ನವರು ಕೊಟ್ಟ ಡೈರಿಯ ಕೊನೆಯ ಪುಟದಲ್ಲಿದೆ, ಅದರ ಕೆಳಗೆ ಹಾಲಿನ ಲೆಕ್ಕ, ನಡುವೆ ಮೂರು ಸಲ ಹೊಡೆದುಹಾಕಿ ತಿದ್ದಿದ ಗುರುತು. ಬರೆದಿಟ್ಟಿದ್ದು ತಪ್ಪಲ್ಲ, ಮನೆಯ ಡೈರಿಗೆ ಯಾವ ಹ್ಯಾಕರ್ ಬರುತ್ತಾನೆ? ತಪ್ಪು ಇರುವುದು ಫೋನ್ ನಂಬರಿನಲ್ಲಿ. ನೀವು ಎರಡು ವರ್ಷದ ಹಿಂದೆ ಬಿಟ್ಟ ಹಳೆಯ ಸಿಮ್ ಇದೆಯಲ್ಲ, ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವ ರಿಕವರಿ ನಂಬರ್ ಈಗಲೂ ಅದೇ. ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಮನೆಯ ಕೀಲಿಯನ್ನು ಗುರುತಿಲ್ಲದವರ ಹೊಸ್ತಿಲಿನಲ್ಲಿ ಇಟ್ಟು ಬಂದಂತೆ ಇದು. ಇದನ್ನು ಈ ರಾತ್ರಿಯೇ ಬದಲಿಸಿ, ಉಳಿದದ್ದು ನಿಧಾನವಾಗಿ ಆಗಲಿ. ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಎರಡು ಹಂತದ ಪರಿಶೀಲನೆಯನ್ನು ನಾನು ಬಂದು ಹಾಕಿಕೊಡುತ್ತೇನೆ. ಆಗ ಫೋನ್ ಕೈಯಲ್ಲಿಲ್ಲದಾಗ ಬಳಸಲು ಗೂಗಲ್ ಹತ್ತು ಬ್ಯಾಕಪ್ ಸಂಖ್ಯೆಗಳನ್ನು ಕೊಡುತ್ತದೆ, ಒಂದೊಂದು ಒಂದೇ ಸಲ ನಡೆಯುತ್ತದೆ. ಅದರ ಪ್ರಿಂಟ್ ತೆಗೆದು ಎಲ್ಐಸಿ ಬಾಂಡ್ ಇರುವ ಕಪಾಟಿನಲ್ಲಿ ಇಡಬೇಕು.

ಕಾಕು ಬೇರೆ ಕೇಳಿದ್ದಾರೆ, ಇಮೇಲ್ ವಿಳಾಸದಲ್ಲಿ ಇನ್ನೂ ಗುಲ್ಬರ್ಗಾ ಎಂದಿದೆಯಲ್ಲ ಎಂದು. ಊರಿನ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್ 1ರಂದು, ವಿಳಾಸ ಅದಕ್ಕಿಂತ ಹಳೆಯದು. ಇರಲಿ ಬಿಡಿ ಕಾಕು. ವಿಶ್ವವಿದ್ಯಾಲಯವೇ ಹಳೆಯ ಹೆಸರಿನಲ್ಲಿ ನಡೆಯುತ್ತಿದೆ. ಬ್ಯಾಂಕ್, ಆದಾಯ ತೆರಿಗೆ, ಪಿಂಚಣಿ, ಗ್ಯಾಸ್, ಎಲ್ಐಸಿ, ಇಷ್ಟೂ ಕಡೆ ಹೋಗಿ ಹೊಸ ವಿಳಾಸ ಬರೆಸುವ ಓಡಾಟ ನಿಮಗೆ ಗೊತ್ತಿಲ್ಲ. ಒಂದು ಕಡೆ ಬಿಟ್ಟುಹೋದರೂ ನೋಟಿಸ್ ಹಳೆಯದಕ್ಕೇ ಬರುತ್ತದೆ. ಹಳೆಯದನ್ನು ತೆರೆಯದೆ ಬಿಟ್ಟರೆ, ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕುವ ನಿಯಮವೂ ಇದೆ.

ಕಂಪ್ಯೂಟರಿನ ಮುಂದೆ ಕುಳಿತು ಪತ್ರ ಓದುವ ಆಸೆ ನಿಮಗಿದ್ದರೆ ಥಂಡರ್‌ಬರ್ಡ್ ಹಾಕೋಣ. ಇಮೇಲ್ ಓದಲು ಮೊಜಿಲ್ಲಾದವರು ಮಾಡಿದ ತಂತ್ರಾಂಶ, 2004ರಿಂದ ಇದೆ, ಉಚಿತ. ಜೋಡಿಸುವಾಗ ಪತ್ರ ತರಿಸುವ ಎರಡು ವಿಧಾನ ತೋರಿಸುತ್ತದೆ, ಐಮ್ಯಾಪ್ ಎಂಬುದನ್ನೇ ಆರಿಸಬೇಕು, ಪಾಪ್ ಬೇಡ. ಐಮ್ಯಾಪ್‌ನಲ್ಲಿ ಮೂಲ ಪತ್ರ ಕಂಪನಿಯಲ್ಲೇ ಇರುತ್ತದೆ, ನೋಂದಣಿ ಕಚೇರಿಯ ರಿಜಿಸ್ಟರ್ ಅಲ್ಲೇ ಇದ್ದು ನಮಗೆ ನಕಲು ಸಿಗುವ ಹಾಗೆ. ಪಾಪ್‌ನಲ್ಲಿ ಮೂಲವನ್ನೇ ಮನೆಗೆ ಹೊತ್ತು ತಂದು ಅಲ್ಲಿ ಅಳಿಸುವಂತೆಯೂ ಆಗಬಹುದು. ನಮ್ಮ ಅಪ್ಪ ಹಾಗೆ ಮಾಡಿಸಿಕೊಂಡಿದ್ದರು. ಒಂದು ಮಳೆಗಾಲ ಸಿಡಿಲಿಗೆ ಹಾರ್ಡ್ ಡಿಸ್ಕ್ ಸುಟ್ಟು, ಆರು ವರ್ಷದ ವ್ಯಾಪಾರದ ಪತ್ರಗಳು ಹೊಗೆಯಾದವು. ಅಪ್ಪ ಅದನ್ನು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಮೂರನೇ ಸೀಟಿ, ಒಲೆ ಆರಿಸಬೇಕು. ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ಡೈರಿ, ಹೊಸ ಸಿಮ್ ಇರುವ ಫೋನ್, ಒಂದು ಪೆನ್ ಡ್ರೈವ್ ತೆಗೆದಿಡಿ. ಅಲ್ಲಿಯವರೆಗೆ ಯಾರೂ ಈ ಗುಂಪಿಗೆ ಮದುವೆಯ ವಿಡಿಯೊ ಹಾಕಬೇಡಿ.