ಸಹಾಯ ಬೇಕು: ನೇತ್ರಾಣಿಲಿ ವಿಡಿಯೋ ಮಾಡೋಕೆ ಯಾವ ಲೈಟ್ ತಗೊಳ್ಳಲಿ?
ಎಲ್ರಿಗೂ ನಮಸ್ಕಾರ, ಹೋದ್ವಾರ ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡ್ದೆ, 12 ಮೀಟರ್ ಆಳದಲ್ಲಿ ಗೋಪ್ರೋದಲ್ಲಿ ತೆಗ್ದಿದ್ದೆಲ್ಲಾ ಬರೀ ಹಸಿರು-ನೀಲಿ. ನೀರು ಮೊದ್ಲು ಕೆಂಪು ಬಣ್ಣನೇ ನುಂಗುತ್ತೆ ಅಂತ ಗೊತ್ತಿತ್ತು, ಆದ್ರೂ ಬಂಡೆ ಸಂದೀಲಿದ್ದ ಲಯನ್‌ಫಿಶ್ ಬೂದಿ ಬಳ್ಕೊಂಡಂಗೆ ಬಂದಿದ್ದು ನೋಡಿ ಹೊಟ್ಟೆ ಉರೀತು. ಫ್ರೆಂಡ್ ಟಾರ್ಚನ್ನ ಕ್ಯಾಮೆರಾ ಪಕ್ಕದಲ್ಲೇ ಹಿಡಿದ್ರೆ ನೀರಲ್ಲಿರೋ ಕಸ ಎಲ್ಲಾ ಹೊಳೆದು ಮಳೆ ಹನಿ ಥರ ಕಾಣ್ತು, ನಡುವಲ್ಲೊಂದು ಬಿಳಿ ಚುಕ್ಕೆ ಬೇರೆ. ಅದಕ್ಕೇ 120 ಡಿಗ್ರಿ ಅಗಲಕ್ಕೆ ಬೆಳಕು ಬೀಳೋ ವಿಡಿಯೋ ಲೈಟ್ ನೋಡ್ತಿದೀನಿ. 2500 ಲ್ಯೂಮೆನ್ಸ್‌ದು ಎರಡು ತಗೊಂಡು ಕ್ಯಾಮೆರಾಗೆ ಉದ್ದ ಆರ್ಮ್ ಹಾಕಿ ಆಚೆ ಈಚೆ ಇಡೋದಾ, ಇಲ್ಲ 5000ದ್ದು ಒಂದೇ ಸಾಕಾ? ಸಿಆರ್‌ಐ (ಲೈಟಿನ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋ ಅಳತೆ) 90ರ ಮೇಲಿದ್ರೆ ನಿಜವಾಗ್ಲೂ ವ್ಯತ್ಯಾಸ ಕಾಣುತ್ತಾ? ಫುಲ್ ಬ್ರೈಟ್‌ನೆಸ್‌ನಲ್ಲಿ 45 ನಿಮಿಷ ಬ್ಯಾಟರಿ ಬಂದ್ರೆ ಆಯ್ತು. ಬಜೆಟ್ 25 ಸಾವಿರ, ಬಳಸಿದೋರು ಹೇಳಿ ಪ್ಲೀಸ್.