ಪದಚರ್ಚೆ: ಡಿಪೆಂಡೆನ್ಸಿ ಅಂದರೆ ಅವಲಂಬನೆಯೋ, ಅವಲಂಬಿತವೋ? (ನಾಳೆ ಬೆಳಗ್ಗೆಯೊಳಗೆ ಬೇಕು)

ನಮಸ್ಕಾರ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬೇಕಾದ ಪ್ಯಾಕೇಜುಗಳನ್ನು ತಂದುಕೊಡುವ ಕಂಪೋಸರ್ ಅನ್ನು ವಿಂಡೋಸ್ ಗಣಕಕ್ಕೆ ಹಾಕಿಕೊಳ್ಳುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಒಪ್ಪಿಸಬೇಕು. ಮಿಕ್ಕಿದ್ದೆಲ್ಲ ಮುಗಿದಿದೆ, ‘ಡಿಪೆಂಡೆನ್ಸಿ’ (ಒಂದು ಪ್ರೋಗ್ರಾಮ್ ಓಡಲು ಬೇಕಾದ, ಬೇರೆಯವರು ಬರೆದಿಟ್ಟ ಪ್ಯಾಕೇಜು) ಒಂದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಮೂರು ಕಡೆ ಬರುತ್ತದೆ.

ಶೀರ್ಷಿಕೆಯಲ್ಲಿ: “ಕಂಪೋಸರ್ ಒಂದು ____ ಮ್ಯಾನೇಜರ್.”
ಆಜ್ಞೆ ಕೊಟ್ಟೊಡನೆ ತೆರೆಯ ಮೇಲೆ ಬರುವ ಸಾಲಿನಲ್ಲಿ: “ಲಾಕ್ ಫೈಲಿನಲ್ಲಿರುವಂತೆ ____ಗಳನ್ನು ಇನ್‌ಸ್ಟಾಲ್ ಮಾಡಲಾಗುತ್ತಿದೆ.”
ವಿವರಣೆಯಲ್ಲಿ: “ನಿಮ್ಮ ____ಗಳಿಗೂ ಅವುಗಳದೇ ____ಗಳಿರುತ್ತವೆ.”

ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ಒಂದು ಕಡೆ ಅವಲಂಬನೆ, ಇನ್ನೊಂದು ಕಡೆ ಅವಲಂಬಿತ, ಮತ್ತೊಂದು ಕಡೆ ಅವಲಂಬಿತತೆ. ಅದನ್ನು ಬರೆದ ಪುಣ್ಯಾತ್ಮರು ಕಂಪೋಸರ್ ಪ್ಯಾಕೇಜುಗಳನ್ನು ತಂದಿಡುವ ‘ವೆಂಡರ್’ ಫೋಲ್ಡರನ್ನು ‘ಮಾರಾಟಗಾರ’ ಮಾಡಿಟ್ಟಿದ್ದಾರೆ. ಅದನ್ನು ನಂಬಿ ನಾನು ಡಿಸ್ಕಿನಲ್ಲೆಲ್ಲ ಮಾರಾಟಗಾರನನ್ನು ಹುಡುಕಿದ್ದೂ ಆಯಿತು.

ಪದ ಚಿಕ್ಕದಿದ್ದಷ್ಟೂ ಒಳ್ಳೆಯದು. ಇನ್‌ಸ್ಟಾಲ್‌ಗೆ ಸದ್ಯ ‘ಅನುಸ್ಥಾಪಿಸು’ ಎಂದಿದೆ. ಅದು ಇರಲಿ.

*

> ಅದು ಇರಲಿ

ಇರಲಾಗದು. ಉಪಸರ್ಗದ ಇಕಾರ ಉಕಾರಗಳ ಮುಂದೆ ಬರುವ ‘ಸ್ಥಾ’ ಧಾತುವಿಗೆ ಷತ್ವ, ಅಂದರೆ ಸಕಾರ ಷಕಾರವಾಗುವುದು, ಬಂದೇ ಬರುತ್ತದೆ. ಪ್ರತಿ ಸೇರಿದರೆ ಪ್ರತಿಷ್ಠಾಪನೆ, ಅನು ಸೇರಿದರೆ ಅನುಷ್ಠಾನ. ಹಾಗಿರುವಾಗ ‘ಅನುಸ್ಥಾಪನೆ’ ಎಲ್ಲಿಂದ ಬಂತು? ಬೇಕೇ ಬೇಕಿದ್ದರೆ ‘ಅನುಷ್ಠಾಪನೆ’ ಎನ್ನಿ. ಆದರೆ ಅಲ್ಲಿ ‘ಅನು’ವಿಗೇ ಕೆಲಸವಿಲ್ಲ. ‘ಸ್ಥಾಪಿಸು’ ಸಾಕು.

ಇನ್ನು ನೀವು ಕೇಳಿದ್ದು. ಅವ + ಲಂಬ್, ಕೆಳಕ್ಕೆ ಜೋತು ಬೀಳುವುದು. ಇಂಗ್ಲಿಷ್ ಪದದ ಹಿಂದಿರುವ ಲ್ಯಾಟಿನ್ ‘ಡೇಪೆಂಡೇರೆ’ಗೂ ಕೆಳಕ್ಕೆ ಜೋತಿರುವುದು ಎಂದೇ ಅರ್ಥ. ಎರಡು ಭಾಷೆಗಳಿಗೆ ಬೇರೆಬೇರೆಯಾಗಿ ಒಂದೇ ಚಿತ್ರ ಹೊಳೆದಿರುವಾಗ ಹೊಸ ಪದ ಹುಡುಕುವುದೇಕೆ? ಅವಲಂಬನೆ ಎಂದು ಬರೆದು ಮಲಗಿ. ‘ಅವಲಂಬಿತತೆ’ ಬರೆದವರಿಗೆ ವ್ಯಾಕರಣ ಕಲಿಸಿ.

*

ಒಂದು ಸಣ್ಣ ತೊಂದರೆ. ಅವಲಂಬನೆ ಎಂಬುದು ಸ್ಥಿತಿ. ಅದನ್ನು ಡೌನ್‌ಲೋಡ್ ಮಾಡಲು ಬರುವುದಿಲ್ಲ.

ಅವಲಂಬಿತ ಇನ್ನೂ ಕೆಟ್ಟದ್ದು, ದಿಕ್ಕೇ ತಿರುಗುಮುರುಗು. ದುಡಿಯುವವರು ಒಬ್ಬರು, ಅವಲಂಬಿತರು ನಾಲ್ವರು ಅನ್ನುತ್ತೇವಲ್ಲ, ಅಲ್ಲಿ ಅವಲಂಬಿತರು ಅಂದರೆ ಜೋತುಬಿದ್ದವರು. ಕಂಪೋಸರ್ ತಂದುಕೊಡುವುದು ಜೋತುಬಿದ್ದದ್ದನ್ನಲ್ಲ, ಜೋತುಬೀಳಲು ಬೇಕಾದದ್ದನ್ನು. ಸಂಸ್ಕೃತದಲ್ಲಿ ಅದು ಕರ್ಮಣಿ ಕೃದಂತ, ಎರಡೂ ಕಡೆ ಎಳೆಯಬಹುದು ಎಂದು ಮೇಲಿನವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ: ಎಳೆಯಬಹುದು, ಆದರೆ ಕನ್ನಡದಲ್ಲಿ ಯಾರೂ ಹಾಗೆ ಎಳೆಯುವುದಿಲ್ಲ.

ಇದು ಬರೀ ತಕರಾರಲ್ಲ. ಕಂಪೋಸರ್‌ನಲ್ಲಿ ‘ಡಿಪೆಂಡ್ಸ್’ ಎಂಬ ಆಜ್ಞೆಯೇ ಇದೆ, ‘ವೈ’ ಅಂದರೂ ನಡೆಯುತ್ತದೆ. ಈಗಷ್ಟೇ ಒಂದು ಪ್ರಾಜೆಕ್ಟಿನಲ್ಲಿ ‘ಕಂಪೋಸರ್ ವೈ ಪಿಎಸ್‌ಆರ್/ಲಾಗ್’ ಎಂದು ಹೊಡೆದೆ. ಮೊನೊಲಾಗ್ ಎಂಬ ಪ್ಯಾಕೇಜಿಗೆ ಪಿಎಸ್‌ಆರ್/ಲಾಗ್ ಎಂಬ ಪ್ಯಾಕೇಜು ಬೇಕು, ಅದಕ್ಕೇ ಅದು ಇಲ್ಲಿದೆ ಎಂದು ಉತ್ತರ ಬಂತು. ಇಲ್ಲಿ ಮೊನೊಲಾಗ್ ಅವಲಂಬಿತ, ಪಿಎಸ್‌ಆರ್/ಲಾಗ್ ಡಿಪೆಂಡೆನ್ಸಿ. ಎರಡಕ್ಕೂ ‘ಅವಲಂಬಿತ’ ಅಂದರೆ ಈ ಆಜ್ಞೆಯ ವಿವರಣೆಯನ್ನು ಹೇಗೆ ಬರೆಯುತ್ತೀರಿ? “ಅವಲಂಬಿತದ ಅವಲಂಬಿತಗಳನ್ನು ತೋರಿಸು” ಎಂದೇ?

ನನ್ನ ಮತ: ಡಿಪೆಂಡೆನ್ಸಿ ಎಂದೇ ಕನ್ನಡ ಲಿಪಿಯಲ್ಲಿ ಬರೆದು ಮುಗಿಸಿ. ಕೈಕೊಟ್ಟಾಗ ಬರುವ ದೋಷಸಂದೇಶ ಇಂಗ್ಲಿಷಿನಲ್ಲೇ ಇರುತ್ತದೆ. ಓದುಗ ಅದನ್ನೇ ನಕಲಿಸಿ ಹುಡುಕುವುದು.

*

ಸಕ್ಕದ ಇಲ್ಲವೇ ಇಂಗ್ಲಿಶ್. ನಡುವೆ ಕನ್ನಡ ಅನ್ನುವುದೊಂದಿದೆ ಅನ್ನುವುದು ಯಾರಿಗೂ ನೆನಪಿಲ್ಲ.

ಕನ್ನಡಿಗರು ಜೋತು ಬೀಳುವುದಿಲ್ಲ, ಆತು ನಿಲ್ಲುತ್ತಾರೆ. ‘ಗೋಡೆಗೆ ಆತು ನಿಂತ’ ಅನ್ನುವಾಗ ಇರುವ ಆ ಬೇರು ‘ಆನ್’. ಅದಕ್ಕೆ ‘ಇಕೆ’ ಸೇರಿಸಿದರೆ ‘ಆನಿಕೆ’. ಹಿಡಿಸದಿದ್ದರೆ ‘ನೆಮ್ಮು’ ಇದೆ, ‘ನೆಮ್ಮುಗೆ’ ಎನ್ನಿ. ಇನ್‌ಸ್ಟಾಲ್‌ಗೆ ‘ನೆಲೆಗೊಳಿಸು’. ಪ್ಯಾಕೇಜಿಗೆ ‘ಕಟ್ಟು’. ಮ್ಯಾನೇಜರ್‌ಗೆ ನಮ್ಮದೇ ಆದ ಅಚ್ಚಗನ್ನಡ ಪದ ‘ಉಸ್ತುವಾರಿ’ ಇದೆ. ಒಟ್ಟಿನಲ್ಲಿ ‘ನೆಮ್ಮುಗೆ ಉಸ್ತುವಾರಿ’. ಎರಡೇ ಪದ, ಒಂದು ಮಹಾಪ್ರಾಣವೂ ಇಲ್ಲ.

*

‘ಉಸ್ತುವಾರಿ’ ಪಾರಸಿ. ‘ಉಸ್ತುವಾರ್’ ಅಂದರೆ ಭದ್ರ. ಅಚ್ಚಗನ್ನಡಕ್ಕೆ ಅಭಿನಂದನೆಗಳು.

*

> ‘ಉಸ್ತುವಾರಿ’ ಪಾರಸಿ

ಆಗಿರಲಿ. ಮಂದಿಯ ಬಾಯಲ್ಲಿ ನುರಿದು ಬಂದಿದೆ, ಹಾಗಾಗಿ ನಮ್ಮದು.

*

ಹಾಗಿದ್ದರೆ ಇನ್‌ಸ್ಟಾಲ್ ಕೂಡ ಮಂದಿಯ ಬಾಯಲ್ಲಿ ನುರಿದೇ ಬಂದಿದೆ ಸ್ವಾಮಿ. ಅದಕ್ಕೆ ಮಾತ್ರ ‘ನೆಲೆಗೊಳಿಸು’ ಯಾಕೆ? ನಾನು ಕೇಳಿದ ಕನ್ನಡದಲ್ಲಿ ನೆಲೆಗೊಳ್ಳುವುದು ಅಲೆಮಾರಿಗಳು, ಸಾಫ್ಟ್‌ವೇರ್ ಅಲ್ಲ. ಸಾಫ್ಟ್‌ವೇರನ್ನು ‘ಹಾಕ್ಕೊತೀವಿ’. ಪ್ರಶ್ನೆ ಕೇಳಿದವರೇ ಮೊದಲ ಸಾಲಿನಲ್ಲಿ ಗೊತ್ತಿಲ್ಲದೆ ‘ಹಾಕಿಕೊಳ್ಳುವ ಕೈಪಿಡಿ’ ಎಂದು ಬರೆದಿದ್ದಾರೆ, ನೋಡಿ. ಅವರಿಗೆ ಸಹಜವಾಗಿ ಬಂದದ್ದು ಅದು. ಅನುಸ್ಥಾಪನೆ ಬಂದದ್ದು ಆಮೇಲೆ, ಅನುವಾದಕರ ಟೋಪಿ ಹಾಕಿಕೊಂಡ ಮೇಲೆ.

*

ಮೂವರಿಗೂ ಒಟ್ಟಿಗೆ.

ಎರವಲಿನ ಜಗಳ ಎಷ್ಟು ನಿರರ್ಥಕ ಎಂಬುದಕ್ಕೆ ಈ ಪಿಎಚ್‌ಪಿಯೇ ಒಳ್ಳೆಯ ಸಾಕ್ಷಿ. ಅದರಲ್ಲಿ ಎರಡು ವಿವರಣ ಚಿಹ್ನೆಗಳನ್ನು ಒತ್ತಟ್ಟಿಗೆ ಇಡುವ ಕ್ರಮವಿದೆ, ಕ್ಲಾಸಿನ ಒಳಗಿನದನ್ನು ಕರೆಯಲಿಕ್ಕೆ. ಹಳೆಯ ಆವೃತ್ತಿಗಳಲ್ಲಿ ಅದನ್ನು ತಪ್ಪಾದ ಕಡೆ ಇಟ್ಟರೆ ‘ಪಾಮಯಿಮ್ ನೆಕುಡೋತಾಯಿಮ್’ ಎಂದು ಬೈಯುತ್ತಿತ್ತು. ಮೊದಲ ಸಲ ಕಂಡಾಗ ಗಣಕಕ್ಕೆ ಯಾರೋ ಮಾಟ ಮಾಡಿಸಿದ್ದಾರೆ ಅನ್ನಿಸಿತ್ತು. ಅದು ಹೀಬ್ರೂ. ಪಿಎಚ್‌ಪಿ 3ರ ಒಳಯಂತ್ರವನ್ನು ಬರೆದ ಇಸ್ರೇಲಿನ ಜೀವ್ ಸುರಾಸ್ಕಿ, ಆಂಡಿ ಗಟ್‌ಮನ್ಸ್ ತಮ್ಮ ಮಾತಿನ ಪದವನ್ನು ಹಾಗೆಯೇ ಇಟ್ಟುಬಿಟ್ಟರು. ಅವರು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾವ ಪದಸಮಿತಿಯನ್ನೂ ಕೂರಿಸಲಿಲ್ಲ. ಲೋಕದ ಪಿಎಚ್‌ಪಿ ಬರೆಯುವವರೆಲ್ಲ ವರ್ಷಗಟ್ಟಲೆ ಆ ಪದವನ್ನು ತಡವರಿಸಿಕೊಂಡೇ ಓದಿದರು.

ಈಗ ಪ್ರಶ್ನೆಗೆ. ‘ಆಸರೆ’ ಎನ್ನಿ. ಅವಲಂಬನೆಯ ಹಾಗೆ ಸ್ಥಿತಿಯಲ್ಲ, ಅವಲಂಬಿತದ ಹಾಗೆ ದಿಕ್ಕು ತಪ್ಪುವುದಿಲ್ಲ. ಬಳ್ಳಿಗೆ ಕೋಲು ಆಸರೆ. ಕೋಲಿಗೆ ಬಳ್ಳಿ ಆಸರೆ ಎಂದು ಯಾರೂ ಅನ್ನುವುದಿಲ್ಲ. ಮೊನೊಲಾಗ್‌ಗೆ ಪಿಎಸ್‌ಆರ್/ಲಾಗ್ ಆಸರೆ. ಬಳ್ಳಿಯ ಕಡೆಯದಕ್ಕೆ ಅವಲಂಬಿತವನ್ನೇ ಉಳಿಸಿಕೊಳ್ಳಿ, ‘ಡಿಪೆಂಡ್ಸ್’ ಆಜ್ಞೆಗೆ ಬೇಕಾಗುತ್ತದೆ. ಮೂರೇ ಅಕ್ಷರ, ಶೀರ್ಷಿಕೆಯಲ್ಲೂ ಹಿಡಿಸುತ್ತದೆ.

*

ಆಸರೆ! ಇದೇ ನೋಡಿ ಅಚ್ಚಗನ್ನಡ. ಇಶ್ಟು ಹೊತ್ತು ಎಲ್ಲಿತ್ತು ಇದು? ನನ್ನ ನೆಮ್ಮುಗೆಯನ್ನು ಹಿಂತೆಗೆದುಕೊಳ್ಳುತ್ತೇನೆ.

*

ಆಶ್ರಯದ ತದ್ಭವ.

*

ತದ್ಬವವೋ ಇನ್ನೊಂದೋ, ಒತ್ತಕ್ಕರವನ್ನು ಬಿಡಿಸಿ ತನ್ನದಾಗಿಸಿಕೊಂಡದ್ದು ಕನ್ನಡ. ಆಶ್ರಯ ನಿಮ್ಮದು, ಆಸರೆ ನಮ್ಮದು.

*

‘ನಿಮ್ಮದು’ ಯಾರದ್ದು? ನಾನೂ ಹುಟ್ಟಿದಾಗಿನಿಂದ ಕನ್ನಡದಲ್ಲೇ ಬೈಸಿಕೊಂಡು ಬೆಳೆದವನು. ತದ್ಭವವನ್ನು ಕೇಶಿರಾಜ 13ನೇ ಶತಮಾನದಲ್ಲೇ ಒಂದು ಪ್ರಕರಣವಾಗಿ ಬರೆದಿಟ್ಟಿದ್ದಾನೆ, ಯಾವ ಅಕ್ಷರ ಯಾವುದಾಗುತ್ತದೆ ಎಂದು ನಿಯಮ ಸಮೇತ. ಆಗಿನವರಿಗೆ ಎರವಲು ತರುವುದರಲ್ಲಿ ನಾಚಿಕೆ ಇರಲಿಲ್ಲ, ತಂದದ್ದನ್ನು ಪಳಗಿಸುವ ಶಿಸ್ತು ಇತ್ತು. ಈಗ ನಾಚಿಕೆ ಹೆಚ್ಚು, ಶಿಸ್ತು ಕಮ್ಮಿ.

ಆಸರೆಗೆ ನನ್ನ ಒಪ್ಪಿಗೆ ಇದೆ. ಆಧಾರ (ಹೊರುವುದು), ಆಧೇಯ (ಅದರ ಮೇಲಿರುವುದು) ಎಂಬ ಶಾಸ್ತ್ರದ ಜೋಡಿ ಇನ್ನೂ ಖಚಿತ. ಆದರೆ ‘ಯಾವ ಆಧಾರದ ಮೇಲೆ ಹೇಳುತ್ತೀರಿ’ ಎಂದು ನಿತ್ಯ ಕೇಳುವ ಜನಕ್ಕೆ ಆಧಾರ ಅಂದರೆ ಪುರಾವೆಯೇ ಮೊದಲು ಹೊಳೆಯುವುದು.

*

ದಿಕ್ಕು ಸರಿ ಇದೆ, ಒಪ್ಪಿದೆ. ಆದರೆ ‘ಆಸರೆಗಳನ್ನು ಇನ್‌ಸ್ಟಾಲ್ ಮಾಡಲಾಗುತ್ತಿದೆ’ ಎಂದು ಕಪ್ಪು ತೆರೆಯ ಮೇಲೆ ಓದಿದರೆ ಯಾರೋ ಅನಾಥಾಲಯ ಕಟ್ಟುತ್ತಿರುವ ಹಾಗೆ ಕೇಳುತ್ತದೆ. ‘ಆಸರೆ ಪ್ಯಾಕೇಜುಗಳು’ ಎನ್ನಿ. ಮೊದಲ ಸಲ ಬಂದಾಗ ‘ಇದನ್ನೇ ಡಿಪೆಂಡೆನ್ಸಿ ಎನ್ನುವುದು’ ಎಂದು ಒಂದು ವಾಕ್ಯ ಸೇರಿಸಿ.

‘ಪ್ಯಾಕೇಜ್ ಮ್ಯಾನೇಜರ್’ ಎಂದು ಬರೆದು ತಪ್ಪಿಸಿಕೊಳ್ಳಲು ಹೋಗಬೇಡಿ. ಲಿನಕ್ಸಿನ ಯಮ್, ಆಪ್ಟ್ ಇದ್ದ ಅರ್ಥದಲ್ಲಿ ತಾನು ಪ್ಯಾಕೇಜ್ ಮ್ಯಾನೇಜರ್ ಅಲ್ಲ ಎಂದು ಕಂಪೋಸರ್ ತನ್ನ ಕೈಪಿಡಿಯ ಶುರುವಿನಲ್ಲೇ ಹೇಳಿಕೊಳ್ಳುತ್ತದೆ. ಅವು ಇಡೀ ಗಣಕಕ್ಕೆ ಹಾಕುತ್ತವೆ. ಇದು ಒಂದೊಂದು ಪ್ರಾಜೆಕ್ಟಿಗೂ ಅದರದೇ ವೆಂಡರ್ ಫೋಲ್ಡರಿನೊಳಗೆ ತಂದು ಇಡುತ್ತದೆ.

*

> ಲಾಕ್ ಫೈಲ್

ಯಾರೂ ಇದನ್ನು ಮುಟ್ಟಲಿಲ್ಲ. ‘ಬೀಗದ ಕಡತ’ ಎನ್ನಬಾರದೇಕೆ? ಕಡತ ಅಂದರೆ ಮೊದಲು ಕಾಗದವೇ ಅಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಹಲಗೆ, ಬಿಳಿ ಅಕ್ಷರ. ನಿಮ್ಮ ಕಮಾಂಡ್ ತೆರೆಯೂ ಹಾಗೆಯೇ ಇದೆಯಲ್ಲ.

*

ಚೆನ್ನಾಗಿದೆ, ಆದರೆ ತಪ್ಪು ದಾರಿ. ಬೀಗ ಅಂದೊಡನೆ ಓದುಗ ಕೀಲಿ ಹುಡುಕುತ್ತಾನೆ. ಈ ಫೈಲಿಗೆ ಕೀಲಿಯೂ ಇಲ್ಲ, ಪಾಸ್‌ವರ್ಡೂ ಇಲ್ಲ, ಯಾರು ಬೇಕಾದರೂ ತೆರೆದು ಓದಬಹುದು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಗೊತ್ತುಮಾಡಿ ಬರೆದಿಟ್ಟ ಪಟ್ಟಿ ಅದು. ‘ಇನ್‌ಸ್ಟಾಲ್’ ಅಂದರೆ ಆ ಪಟ್ಟಿಯಲ್ಲಿದ್ದದ್ದನ್ನೇ ತರುತ್ತದೆ, ‘ಅಪ್‌ಡೇಟ್’ ಅಂದರೆ ಹೊಸದಾಗಿ ಲೆಕ್ಕಹಾಕಿ ಪಟ್ಟಿಯನ್ನೇ ತಿದ್ದುತ್ತದೆ. ಈ ವ್ಯತ್ಯಾಸ ಅನುವಾದದಲ್ಲಿ ಅಳಿಸಿಹೋದರೆ ಓದುಗ ಅಪ್‌ಡೇಟ್ ಒತ್ತಿ, ನಿನ್ನೆ ಓಡುತ್ತಿದ್ದದ್ದು ಇಂದು ಯಾಕೆ ಓಡುತ್ತಿಲ್ಲ ಎಂದು ಕೂರುತ್ತಾನೆ. ಆಸರೆಗಿಂತ ದೊಡ್ಡ ಅಪಾಯ ಇದು. ಫೈಲಿನ ಹೆಸರೇ ಲಾಕ್. ಮುಟ್ಟಬೇಡಿ.

*

ಎಲ್ಲರಿಗೂ ವಂದನೆ. ಜಗಳದ ನಡುವೆ ಕೆಲಸ ಮುಗಿಯಿತು. ಹೀಗೆ ಮಾಡಿದ್ದೇನೆ:

“ಕಂಪೋಸರ್ ಪಿಎಚ್‌ಪಿಯ ಆಸರೆ ನಿರ್ವಾಹಕ. ನಿಮ್ಮ ಪ್ರೋಗ್ರಾಮ್ ಓಡಲು ಬೇಕಾದ, ಬೇರೆಯವರು ಬರೆದಿಟ್ಟ ಪ್ಯಾಕೇಜುಗಳೇ ಅದರ ಆಸರೆಗಳು. ಇಂಗ್ಲಿಷ್ ಸಂದೇಶಗಳಲ್ಲಿ ಇವನ್ನು ಡಿಪೆಂಡೆನ್ಸಿ ಎಂದು ಕಾಣುವಿರಿ. ಆಸರೆಗಳಿಗೂ ಅವುಗಳದೇ ಆಸರೆಗಳಿರುತ್ತವೆ. ಅವನ್ನೂ ಕಂಪೋಸರ್ ತಾನೇ ಹುಡುಕಿ ತರುತ್ತದೆ.”

ತೆರೆಯ ಸಾಲು: “ಲಾಕ್ ಫೈಲಿನಲ್ಲಿರುವಂತೆ ಆಸರೆ ಪ್ಯಾಕೇಜುಗಳನ್ನು ಹಾಕಲಾಗುತ್ತಿದೆ.” ‘ಹಾಕು’ ಬರೆಯಲು ಮೊದಲು ಕೈ ತಡೆಯಿತು. ಗಟ್ಟಿಯಾಗಿ ಓದಿ ನೋಡಿದೆ, ಉಳಿಸಿಕೊಂಡೆ.

ಒಪ್ಪಿಸುವ ಮೊದಲು ನನ್ನದೇ ಕೈಪಿಡಿ ಹಿಡಿದು ಕಂಪೋಸರ್ ಇಲ್ಲದ ಗಣಕವೊಂದಕ್ಕೆ ಹಾಕಿ ನೋಡಿದೆ. ಸೆಟಪ್ ಓಡಿಸಿದೆ, ಪಿಎಚ್‌ಪಿ ಎಲ್ಲಿದೆ ಎಂದು ಕೇಳಿತು, ತೋರಿಸಿದೆ, ಮುಗಿಯಿತು ಅಂದಿತು. ಕಮಾಂಡ್ ಕಿಟಕಿಯಲ್ಲಿ ‘ಕಂಪೋಸರ್’ ಎಂದು ಹೊಡೆದರೆ ಅಂಥ ಆಜ್ಞೆಯೇ ಇಲ್ಲ ಎಂಬ ಉತ್ತರ. ಮೂಲದಲ್ಲಿ ‘ಹೊಸ ಕಿಟಕಿ ತೆರೆಯಿರಿ’ ಎಂದಿತ್ತು. ನಾನು ‘ಹೊಸ’ವನ್ನು ಅಲಂಕಾರ ಎಂದುಕೊಂಡು ಬಿಟ್ಟಿದ್ದೆ. ಮೊದಲೇ ತೆರೆದಿದ್ದ ಕಿಟಕಿಗೆ ಹಳೆಯ ಪಾತ್ (ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿ) ಮಾತ್ರ ಗೊತ್ತು, ಸೆಟಪ್ ಸೇರಿಸಿದ್ದು ಅದಕ್ಕೆ ಕಾಣುವುದಿಲ್ಲ. ಇಷ್ಟು ಹೊತ್ತು ನಾವು ಹೊಡೆದಾಡಿದ ಪದಕ್ಕಿಂತ ಆ ‘ಹೊಸ’ ಮುಖ್ಯವಾಗಿತ್ತು. ಸೇರಿಸಿದ್ದೇನೆ.

ವೆಂಡರ್ ಫೋಲ್ಡರ್ ವೆಂಡರ್ ಆಗಿಯೇ ಇದೆ.

*

‘ನಿರ್ವಾಹಕ’ ಯಾಕೆ? ಉಸ್ತುವಾರಿಗೆ ಏನಾಗಿತ್ತು?

*

ಹೊಸ ಎಳೆ ತೆರೆಯಿರಿ.